ಹೆಬ್ಬಾತು ಸಾಕೋರು ರಾತ್ರಿ ಲೈಟ್ ಬಂದ್ ಮಾಡ್ರಿ

ಎಲ್ಲಾರ್ಗೂ ನಮಸ್ಕಾರ್ರಿ. ಹೆಬ್ಬಾತು ತತ್ತಿ ಇಡವಲ್ವು ಅಂತ ಬಾಳ ಮಂದಿ ಕೇಳ್ಲತ್ತೀರಿ, ಫೀಡ್ ಬದ್ಲಿ ಮಾಡೋಕಿಂತ ಮೊದ್ಲು ಬೆಳಕು ನೋಡ್ರಿ. ಇವು ಕೋಳಿಗತೆ ವರ್ಷಪೂರ್ತಿ ತತ್ತಿ ಇಡಂಗಿಲ್ಲ, ಸೀಜನ್ ಅದ, ಹಗಲಿನ ಬೆಳಕು ಬರೇ ಕಣ್ಣಿಗಲ್ಲ ತಲಿಬುರುಡಿ ದಾಟಿ ಮಿದುಳಿಗೇ ಮುಟ್ತದ, ಅಲ್ಲಿಂದನೇ ಹಾರ್ಮೋನ್ ಶುರು ಆಗ್ತಾವ. ಯುರೋಪಿನ ತಳಿ ಹಗಲು ಬೆಳಿಯೋ ಮುಂದ ತತ್ತಿ ಇಡ್ತಾವ, ದಕ್ಷಿಣ ಚೀನಾದ ಮಾಗಾಂಗ್ ತಳಿ ಉಲ್ಟಾ, ಹಗಲು ಸಣ್ಣ ಆದಾಗ. ನಮ್ಮ ಕಲಬುರಗಿ ಕಡಿ ಡಿಸೆಂಬರ್‌ನಾಗ ಹಗಲು ಸುಮಾರು 11 ತಾಸು, ಜೂನ್‌ನಾಗ 13ರ ಮ್ಯಾಲ ಸ್ವಲ್ಪ, ಫರಕ್ ಎರಡೇ ತಾಸಿಂದು, ಹಂಗಾಗಿ ಶೆಡ್ಡಿನ ಬಲ್ಬ್ ಈ ಹಗಲಿನ ಲೆಕ್ಕಾನ ಪೂರಾ ಕೆಡಿಸ್ಬಿಡ್ತದ.

ನಾಯಿ ಬರ್ತಾವಂತ ರಾತ್ರಿಯಿಡೀ ಲೈಟ್ ಹಚ್ಚಿ ಬಿಡಬ್ಯಾಡ್ರಿ ದಯಮಾಡಿ, ಉದ್ದ ಬೆಳಕು ಬಾಳ ದಿನ ಬಿದ್ರ ತತ್ತಿ ನಿಂತು ಪುಕ್ಕ ಉದುರ್ಲಿಕ್ಕ ಶುರು ಆಗ್ತದ. ನಾಯಿ ತಡೀಲಿಕ್ಕ ಜಾಳಿಗಿ ಗಟ್ಟಿ ಹಾಕ್ರಿ. ಮೊದ್ಲನೇ ವರ್ಷ ತತ್ತಿ ಕಡಿಮಿನೇ, ಎರಡನೇ ವರ್ಷ ಸುಧಾರಸ್ತಾವ, ಅವಸರ ಮಾಡಿ ಮಾರಬ್ಯಾಡ್ರಿ ಪಾಪ. ಕಾವು ಸುಮಾರು 30 ದಿನ.

ನಿಮ್ಮಲ್ಲಿ ಯಾವ ತಿಂಗಳು ತತ್ತಿ ಶುರು ಆಯ್ತು, ಯಾವ ತಿಂಗಳು ನಿಂತ್ವು, ಶೆಡ್ಡಿನಾಗ ಲೈಟ್ ಇತ್ತೋ ಇಲ್ಲೋ ಇಷ್ಟು ಬರೀರಿ, ಬೀದರ್ ಯಾದಗಿರಿಯವ್ರೂ.