ತಲೆಪೆಟ್ಟಿನವರ ಆರೈಕೆ ಫೋನಿನಲ್ಲಿ ಆಗುವ ಕೆಲಸವಲ್ಲ

ಮಾನ್ಯ ಸಂಪಾದಕರಿಗೆ,

ಬೈಪಾಸ್ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಮಿದುಳಿಗೆ ಪೆಟ್ಟು ಮಾಡಿಕೊಂಡ ನನ್ನ ತಮ್ಮ ಮನೆಗೆ ಬಂದ ಮೇಲೆ ಫಿಜಿಯೋಥೆರಪಿ, ಫಿಟ್ಸ್ ಮಾತ್ರೆ, ಪರಿಹಾರದ ದಾವೆ, ಅಂಗವೈಕಲ್ಯದ ಗುರುತಿನ ಚೀಟಿ ಇವೆಲ್ಲವನ್ನೂ ನೌಕರಿಯ ಜೊತೆಗೆ ನಿಭಾಯಿಸಲಾಗದೆ, ತಿಂಗಳ ಸಂಬಳದ ಮೇಲೆ ಖಾಸಗಿ ಕೇಸ್ ಮ್ಯಾನೇಜರ್, ಅಂದರೆ ರೋಗಿಯ ಆರೈಕೆಯ ಮೇಲ್ವಿಚಾರಣೆ ನೋಡಿಕೊಳ್ಳುವವರು, ಒಬ್ಬರನ್ನು ಗೊತ್ತುಮಾಡಿಕೊಂಡೆವು. ಅವರು ದಿನವೂ ಸಂಜೆ ಫೋನ್ ಮಾಡುತ್ತಿದ್ದರು. ತಮ್ಮ "ಆರಾಮ ಅದೀನ್ರಿ" ಎನ್ನುತ್ತಿದ್ದ. ಅವರ ಡೈರಿಯಲ್ಲಿ "ಸ್ಥಿತಿ ಉತ್ತಮ" ಎಂದು ದಾಖಲಾಗುತ್ತಿತ್ತು. ಮೂರನೆಯ ವಾರ ಅವ್ವ ಹಾಸಿಗೆ ಝಾಡಿಸುವಾಗ ದಿಂಬಿನ ಚೀಲದಿಂದ ಹನ್ನೊಂದು ಮಾತ್ರೆಗಳು ಉದುರಿದವು.

ತಮ್ಮನನ್ನು ಬೈಯುವಂತಿರಲಿಲ್ಲ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಿಗೆ ತಮ್ಮ ಕೊರತೆ ತಮಗೇ ತಿಳಿಯದಿರುವುದುಂಟು. ಅವನ ಲೆಕ್ಕದಲ್ಲಿ ಅವನಿಗೆ ರೋಗವೇ ಇರಲಿಲ್ಲ, ಮಾತ್ರೆಯ ಹಂಗೇಕೆ? ಫಿಟ್ಸ್ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಏನಾಗಬಹುದೆಂದು ತಿಳಿದಿರಬೇಕಾದವರು, ರೋಗಿಯ ಮಾತನ್ನೇ ನಂಬಿ ಮನೆಯ ಮೆಟ್ಟಿಲು ಹತ್ತದೆ ಇದ್ದುದು ತಪ್ಪು. ನಮ್ಮನ್ನು ಅವರು ಒಂದೇ ಫಿಜಿಯೋಥೆರಪಿ ಕೇಂದ್ರಕ್ಕೆ ಕಳಿಸುತ್ತಿದ್ದುದು ಅಲ್ಲಿ ಸಿಗುವ ಕಮಿಷನ್ನಿಗಾಗಿ ಎಂಬುದು ಆಮೇಲೆ ತಿಳಿಯಿತು.

ಬ್ರಿಟನ್ನಿನಲ್ಲಿ ಕೇಸ್ ಮ್ಯಾನೇಜರ್ ಕೆಲಸ ತನ್ನದೇ ಸಂಘವುಳ್ಳ ಪ್ರತ್ಯೇಕ ವೃತ್ತಿ. ನಮ್ಮಲ್ಲಿ ಆ ಹೆಸರಿನ ಬೋರ್ಡನ್ನು ಯಾರು ಬೇಕಾದರೂ ತೂಗುಹಾಕಬಹುದು. ಆದರೂ 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ಪುನರ್ವಸತಿ ಸಮಾಜ ಕಾರ್ಯಕರ್ತರು ನೋಂದಾಯಿತರಾಗುವ ವ್ಯವಸ್ಥೆಯಿದೆ. ಮೊದಲು ಆ ನೋಂದಣಿ ಸಂಖ್ಯೆಯನ್ನೇ ಕೇಳಬೇಕು. ವಾರಕ್ಕೆ ಎಷ್ಟು ಬಾರಿ ಮನೆಗೆ ಬರುತ್ತಾರೆ, ಕುಟುಂಬದ ಹೊರತು ಬೇರೆ ಯಾರಿಂದಲೂ ಹಣ ಪಡೆಯುವುದಿಲ್ಲವೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ರೋಗಿಯ ಎಟಿಎಂ ಕಾರ್ಡನ್ನಂತೂ ಕೊಡಲೇಬಾರದು. ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾದ ಡಿಮ್ಹಾನ್ಸ್ ಇದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ. ಇವೆರಡೂ ಕೂಡಿ ಈ ಕೆಲಸಕ್ಕೆಂದೇ ಒಂದು ತರಬೇತಿ ಆರಂಭಿಸಿದರೆ ಗದಗ, ಹಾವೇರಿಯವರಿಗೂ ಅನುಕೂಲವಾದೀತು.

ಖರ್ಚಿನ ಮಾತೂ ಇದೆ. ಅಪಘಾತದಲ್ಲಿ ಮಿದುಳಿಗೆ ತೀವ್ರ ಪೆಟ್ಟಾದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಇಬ್ಬರು ಸಹಾಯಕರಿಗೆ ತಿಂಗಳಿಗೆ ತಲಾ 5,000 ರೂಪಾಯಿಯಂತೆ, ವರ್ಷದ ಮೊತ್ತವನ್ನು 18ರಿಂದ ಗುಣಿಸಿ, ಆರೈಕೆಯ ವೆಚ್ಚವನ್ನು ಪರಿಹಾರದಲ್ಲಿ ಸೇರಿಸಿತು. ಮೇಲ್ವಿಚಾರಣೆಯ ಸಂಬಳವನ್ನೂ ಇದೇ ತರ್ಕದಲ್ಲಿ ನ್ಯಾಯಮಂಡಳಿಯ ಮುಂದಿಡಲು ನಮ್ಮ ವಕೀಲರು ಈಗ ರಸೀದಿಗಳನ್ನು ಕೇಳುತ್ತಿದ್ದಾರೆ. ಮೊದಲ ಮೂರು ತಿಂಗಳು ನಾವು ಕೈಯಲ್ಲೇ ನಗದು ಕೊಟ್ಟಿದ್ದೇವೆ, ಒಂದು ಚೀಟಿಯೂ ಇಲ್ಲ.

ಇಂತಿ,
ಓರ್ವ ಓದುಗ
ಕೇಶ್ವಾಪುರ, ಹುಬ್ಬಳ್ಳಿ