ಹಗ್ಗ ಕಳಚಿದ ಮೇಲೆ ಗ್ಲೈಡರ್ ಕಥೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದಲ್ಲಿ ವಿಮಾನಗಳು ಹಗ್ಗ ಕಟ್ಟಿ ಎಳೆದೊಯ್ದು ಬಿಡುತ್ತಿದ್ದ, ಇಂಜಿನ್ ಇಲ್ಲದ ಗ್ಲೈಡರ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಕಾಫಿ ಆರಿ ತಣ್ಣಗಾಗಿತ್ತು, ಅಷ್ಟು ಚೆನ್ನಾಗಿತ್ತು. ಆದರೂ ಎರಡು ತಕರಾರು ಇವೆ. ಸದ್ದಿಲ್ಲದೆ ಶತ್ರುವಿನ ನೆತ್ತಿ ಮೇಲೆ ಇಳಿಯುವ ಅಗ್ಗದ ಉಪಾಯ ಅಂತ ಗ್ಲೈಡರನ್ನು ಸ್ವಲ್ಪ ಜಾಸ್ತಿಯೇ ಹೊಗಳಿದ್ದೀರಿ. ಮತ್ತೆ ಕಥೆಯೆಲ್ಲ ಬೆಲ್ಜಿಯಂ, ಫ್ರಾನ್ಸ್ ಸುತ್ತಲೇ ಮುಗಿಯಿತು. ನಮ್ಮ ಅಸ್ಸಾಂನಿಂದ ಎದ್ದ ಗ್ಲೈಡರ್‌ಗಳು ಲೇಖಕರ ಕಣ್ಣಿಗೆ ಬೀಳಲೇ ಇಲ್ಲ.

1940ರ ಮೇ 10ರಂದು ಬೆಲ್ಜಿಯಂನ ಎಬೆನ್ ಎಮಾಲ್ ಕೋಟೆಯ ಮೇಲೆ ಜರ್ಮನರ ಗ್ಲೈಡರ್‌ಗಳು ಇಳಿದದ್ದು ಬೆರಗಿನ ಕೆಲಸವೇ, ಒಪ್ಪಿದೆ. ನೂರು ಜನವೂ ಇಲ್ಲದ ತಂಡಕ್ಕೆ ಅಂಥ ಕೋಟೆ ಮರುದಿನವೇ ಶರಣಾಯಿತು. ಆದರೆ ಆ ತಂಡದ ನಾಯಕ ವಿಟ್ಸಿಗ್ ಕೂತಿದ್ದ ಗ್ಲೈಡರ್‌ನ ಹಗ್ಗ ದಾರಿಯಲ್ಲೇ ಕಿತ್ತುಹೋಗಿತ್ತು. ಅವನು ಜರ್ಮನಿಯದೇ ಒಂದು ಹೊಲದಲ್ಲಿ ಇಳಿದು, ಇನ್ನೊಂದು ವಿಮಾನ ತರಿಸಿಕೊಂಡು ತಡವಾಗಿ ಬಂದ. ಇಡೀ ಕಥೆಯಲ್ಲಿ ನನ್ನ ಗಮನ ಹೋಗುವುದು ಆ ಹಗ್ಗದ ಮೇಲೆ.

ಅದಕ್ಕೆ ಕಾರಣ ಇದೆ. ಎಪ್ಪತ್ತರ ದಶಕದಲ್ಲಿ ಎನ್‌ಸಿಸಿ ಹುಡುಗನಾಗಿ ಜಕ್ಕೂರಿನಲ್ಲಿ ಗ್ಲೈಡರ್ ಹತ್ತಿದ್ದೆ. ಅಕ್ಕಪಕ್ಕ ಎರಡು ಸೀಟಿನ ರೋಹಿಣಿ. ನೆಲದ ಮೇಲಿನ ವಿಂಚ್ ಯಂತ್ರ ತಂತಿ ಎಳೆದ ರಭಸಕ್ಕೆ ಹೊಟ್ಟೆ ಬೆನ್ನಿಗೆ ಅಂಟುತ್ತಿತ್ತು. ಮೇಲೆ ಹೋದಮೇಲೆ ಹಳದಿ ಗುಬುಟು ಎಳೆದರೆ ತಂತಿ ಕಳಚಿ ಟಕ್ ಅಂತ ಸದ್ದು. ಆಮೇಲೆ ಗಾಳಿಯ ಸುಯ್ಯೆನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. "ಈಗ ನೀನುಂಟು, ನೆಲ ಉಂಟು. ಒಂದೇ ಸಲ ಇಳಿಯೋದು, ನೋಡ್ಕೋ" ಅನ್ನುತ್ತಿದ್ದರು ಕಲಿಸುತ್ತಿದ್ದ ಮೇಷ್ಟ್ರು. ಹಾಡಹಗಲು, ಹಸಿರು ಮೈದಾನ, ಕೆಳಗೆ ಗುಂಡು ಹಾರಿಸುವವರು ಯಾರೂ ಇಲ್ಲ. ಆದರೂ ಅಂಗೈ ಬೆವರುತ್ತಿತ್ತು.

1943ರ ಜುಲೈ 9ರ ರಾತ್ರಿ ಇಟಲಿಯ ಸಿಸಿಲಿ ದ್ವೀಪಕ್ಕೆ ಹೊರಟ ಮಿತ್ರಪಕ್ಷದ 144 ಗ್ಲೈಡರ್‌ಗಳಲ್ಲಿದ್ದವರ ಅಂಗೈ ಹೇಗಿದ್ದಿರಬೇಕು? ಎದುರುಗಾಳಿ ಜೋರಾಗಿತ್ತು. ಕೆಳಗಿಂದ ಗುಂಡು ಬರತೊಡಗಿದವು. ಎಳೆಯುತ್ತಿದ್ದ ಎಷ್ಟೋ ವಿಮಾನಗಳು ದಡ ಇನ್ನೂ ದೂರ ಇದ್ದಾಗಲೇ ಗ್ಲೈಡರ್‌ಗಳನ್ನು ಬಿಟ್ಟುಬಿಟ್ಟವು. ಹತ್ತಿರ ಹತ್ತಿರ ಅರ್ಧದಷ್ಟು ಸಮುದ್ರಕ್ಕೆ ಬಿದ್ದವು. ಇನ್ನೂರಕ್ಕೂ ಹೆಚ್ಚು ಸೈನಿಕರು ಒಂದು ಗುಂಡನ್ನೂ ಹಾರಿಸದೆ ಮುಳುಗಿ ಸತ್ತರು. ಅಗ್ಗ ಅನ್ನುವಾಗ ಈ ಲೆಕ್ಕವನ್ನೂ ಸೇರಿಸಬೇಕು, ಅಲ್ವಾ?

ಇನ್ನು ನಮ್ಮ ಕಡೆಯದು. 1944ರ ಮಾರ್ಚ್ 5ರ ಸಂಜೆ ಅಸ್ಸಾಂನ ಲಾಲಾಘಾಟ್‌ನಲ್ಲಿ ಅಮೆರಿಕದ ವೇಕೋ ಗ್ಲೈಡರ್‌ಗಳು ಸಾಲಾಗಿ ನಿಂತಿದ್ದವು. ಉಕ್ಕಿನ ಕೊಳವೆ, ಪ್ಲೈವುಡ್, ಮೇಲೆ ಬಟ್ಟೆ, ಅಷ್ಟೇ ಅವುಗಳ ಮೈ. ಬ್ರಿಟಿಷ್ ಸೇನಾಧಿಕಾರಿ ವಿಂಗೇಟ್‌ನ ಚಿಂಡಿಟ್ ಎಂಬ ಪಡೆಯನ್ನು ಬರ್ಮಾದಲ್ಲಿ ಜಪಾನೀಯರ ಬೆನ್ನ ಹಿಂದೆ ಇಳಿಸುವ ಯೋಜನೆ. ಇನ್ನೇನು ಹೊರಡಬೇಕು, ಆಗ ಒಂದು ಫೋಟೊ ಬಂತು. ಇಳಿಯಬೇಕಿದ್ದ ಎರಡು ಬಯಲುಗಳಲ್ಲಿ ಒಂದರ ತುಂಬ ಮರದ ದಿಮ್ಮಿಗಳು. ಹಾಗಾಗಿ ಎಲ್ಲರೂ 'ಬ್ರಾಡ್‌ವೇ' ಅಂತ ಹೆಸರಿಟ್ಟಿದ್ದ ಇನ್ನೊಂದು ಬಯಲಿಗೇ ಅಂತ ತೀರ್ಮಾನ ಆಯಿತು.

ಒಂದೊಂದು ಡಕೋಟ ಸಾಗಣೆ ವಿಮಾನಕ್ಕೆ ಎರಡೆರಡು ಗ್ಲೈಡರ್. ಒಂದಕ್ಕೊಂದು ಡಿಕ್ಕಿ ಹೊಡೆಯದಿರಲಿ ಅಂತ ಒಂದರ ಹಗ್ಗ ಉದ್ದ, ಇನ್ನೊಂದರದು ಗಿಡ್ಡ. ಹಗಲಾದರೆ ಜಪಾನೀಯರ ಕಾಟ, ಹಾಗಾಗಿ ಬೆಟ್ಟಸಾಲು ದಾಟುವುದು ರಾತ್ರಿಯಲ್ಲೇ. ಸಾಮಾನು ಮಿತಿಮೀರಿ ತುಂಬಿತ್ತು. ಹಗ್ಗಗಳು ಪಟಪಟ ಕಿತ್ತುಹೋದವು. ಮೊದಲ ರಾತ್ರಿ ಹೊರಟದ್ದು 60ಕ್ಕೂ ಹೆಚ್ಚು, ಬ್ರಾಡ್‌ವೇ ಮುಟ್ಟಿದ್ದು 35ರ ಆಸುಪಾಸು. ಮುಟ್ಟಿದವಕ್ಕೂ ನೆಮ್ಮದಿ ಇರಲಿಲ್ಲ. ತೇಗದ ದಿಮ್ಮಿ ಎಳೆದು ಎಳೆದು ಬಯಲಲ್ಲಿ ಆಳವಾದ ಜಾಡು ಬಿದ್ದಿತ್ತು. ಅದರ ಮೇಲೆ ಎತ್ತರಕ್ಕೆ ಹುಲ್ಲು ಬೆಳೆದಿತ್ತು. ವಿಮಾನದಿಂದ ತೆಗೆದ ಫೋಟೊದಲ್ಲಿ ಅದು ಕಾಣುವುದಾದರೂ ಹೇಗೆ? ಮೊದಲು ಇಳಿದವುಗಳ ಚಕ್ರ ಅಲ್ಲೇ ಮುರಿಯಿತು. ಸೈನಿಕರು ಕತ್ತಲಲ್ಲಿ ಆ ಮುರುಕಲನ್ನು ಪಕ್ಕಕ್ಕೆ ಎಳೆಯುತ್ತಿದ್ದ ಹಾಗೇ ಮುಂದಿನದು ಸುಯ್ಯೆಂದು ಬಂದೇ ಬಿಡುತ್ತಿತ್ತು. ಇಂಜಿನ್ ಇದ್ದ ವಿಮಾನವಾದರೆ ಇನ್ನೊಂದು ಸುತ್ತು ಹೊಡೆದು ಬರಬಹುದು. ಇದು ಎಲ್ಲಿಗೆ ಹೋದೀತು?

ಆದರೂ ಮರುದಿನ ರಾತ್ರಿಯೊಳಗೆ ಅಲ್ಲಿ ಡಕೋಟ ಇಳಿಯುವಂಥ ರನ್‌ವೇ ಸಿದ್ಧವಾಯಿತು. ಗ್ಲೈಡರ್‌ನಲ್ಲೇ ಬಂದಿದ್ದ ಪುಟ್ಟ ಬುಲ್ಡೋಜರ್‌ನ ಉಪಕಾರ. ವಾರದೊಳಗೆ ಅಲ್ಲಿಗೂ ಬೇರೊಂದು ಹೊಸ ಬಯಲಿಗೂ ಸೇರಿ ಸುಮಾರು 9 ಸಾವಿರ ಸೈನಿಕರು, ಸಾವಿರಕ್ಕೂ ಹೆಚ್ಚು ಹೇಸರಗತ್ತೆಗಳು ಬಂದಿಳಿದವು. ದಾರಿ ತಪ್ಪಿ ಎಲ್ಲೆಲ್ಲೋ ಬಿದ್ದ ಗ್ಲೈಡರ್‌ಗಳೂ ದಂಡವಾಗಲಿಲ್ಲ. ನಿಜವಾಗಿ ಎಲ್ಲಿ ಇಳಿದಿದ್ದಾರೆ ಅಂತ ಜಪಾನೀಯರಿಗೆ ಗೊತ್ತಾಗದೆ ತಲೆಕೆಟ್ಟಿತು. ಅಂದಹಾಗೆ, ಚಾಪ್ಲಿನ್ ಜತೆ ಮೂಕಿಚಿತ್ರದಲ್ಲಿ ನಟಿಸಿದ್ದ ಪುಟ್ಟ ಹುಡುಗ ಜಾಕಿ ಕೂಗನ್ ದೊಡ್ಡವನಾಗಿ ಈ ಗ್ಲೈಡರ್‌ಗಳನ್ನು ಹಾರಿಸಿದ ಅಮೆರಿಕದ ಪಡೆಯಲ್ಲೇ ಪೈಲಟ್ ಆಗಿದ್ದ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಆಗಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ದಿನಗಳಲ್ಲಿ ಅಮೆರಿಕದವರ ಡಕೋಟಗಳನ್ನು ರಿಪೇರಿ ಮಾಡುತ್ತಿತ್ತು. ಅದಕ್ಕೂ ಮೊದಲು, 1941ರ ಸುಮಾರಿಗೆ, ಡಾ. ವಿ.ಎಂ. ಘಾಟಗೆ ಅವರು ಅಲ್ಲೇ ಹತ್ತು ಸೀಟಿನ ಒಂದು ಗ್ಲೈಡರ್ ರೂಪಿಸಿದ್ದರು. ಹೆಸರು ಜಿ-1. ಕಟ್ಟಿದ್ದು ಒಂದೇ ಒಂದು. ಮುಂದೆ ಎಚ್‌ಟಿ-2 ತರಬೇತಿ ವಿಮಾನ ಮಾಡಿದ ಅದೇ ಘಾಟಗೆ. ಎಚ್‌ಟಿ-2 ಹೆಸರು ನಮ್ಮ ಬಡಾವಣೆಯಲ್ಲಿ ಹಳಬರಿಗೆಲ್ಲ ಗೊತ್ತು. ಜಿ-1 ಅಂದರೆ ಯಾವ ಸ್ಕೂಟರ್ ಅಂತ ಕೇಳುತ್ತಾರೆ.

ನನ್ನ ಕೋರಿಕೆ ಇಷ್ಟೇ. ಮುಂದಿನ ಪುರವಣಿಗಳಲ್ಲಿ ಬ್ರಾಡ್‌ವೇಗೆ ಒಂದು ಪುಟ, ಜಿ-1ಗೆ ಅರ್ಧ ಪುಟ ಕೊಡಿ. ಆಗಿನ ಕಾರ್ಖಾನೆಯಲ್ಲಿ ಬಡಗಿಯಾಗಿಯೋ ಫಿಟ್ಟರ್ ಆಗಿಯೋ ದುಡಿದವರ ಮಕ್ಕಳು, ಮೊಮ್ಮಕ್ಕಳು ನಿಮ್ಮ ಓದುಗರಲ್ಲಿ ಖಂಡಿತ ಇರುತ್ತಾರೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೇ ಫೋಟೊ ಏನಾದರೂ ಇದ್ದರೆ ಕಳಿಸಿ ಅಂತ ನೀವೇ ಒಂದು ಸಾಲು ಹಾಕಿ ನೋಡಿ.

ಇತಿ,
ನಿಮ್ಮ ಹಳೆಯ ಓದುಗ
ವಿಮಾನಪುರ, ಬೆಂಗಳೂರು