ತಲೆಗೆ ಪೆಟ್ಟು ಬಿದ್ದಿತ್ತಾ ಎಂದೂ ಕೇಳಿ

ಮಾನ್ಯ ಸಂಪಾದಕರೇ,

ಪೊಲೀಸರ ಕೈಗೆ ಸಿಕ್ಕ ಮಕ್ಕಳನ್ನು ಎಲ್ಲರೂ ಕೇಳುವುದು ‘ಏನು ಮಾಡಿದೆ?’ ಎಂದು. ‘ಯಾವತ್ತಾದರೂ ತಲೆಗೆ ಜೋರು ಪೆಟ್ಟು ಬಿದ್ದಿತ್ತಾ? ಎಚ್ಚರ ತಪ್ಪಿತ್ತಾ?’ ಎಂದು ಕೇಳುವವರು ಕಡಿಮೆ. ಬಂಧನದಲ್ಲಿರುವ ಮಕ್ಕಳಲ್ಲಿ ಮಿದುಳಿನ ಗಾಯ ಉಳಿದವರಿಗಿಂತ ಬಹಳ ಜಾಸ್ತಿ ಎಂದು ಇಂಗ್ಲೆಂಡಿನ ಮಕ್ಕಳ ಆಯುಕ್ತರ ವರದಿ 2012ರಲ್ಲೇ ಹೇಳಿತ್ತು.

ಹಣೆಯ ಹಿಂದಿರುವ ಮಿದುಳಿನ ಭಾಗ ನಮ್ಮ ದುಡುಕಿಗೆ ಕಡಿವಾಣ ಹಾಕುತ್ತದೆ. ಅದು ಪೂರ್ತಿ ಬಲಿಯುವುದೇ ಸುಮಾರು 25ರ ವಯಸ್ಸಿಗೆ. ಅಲ್ಲಿಗೆ ಏಟಾದರೆ ಸಿಟ್ಟು ಬೇಗ ಬರಬಹುದು, ಮರೆವು ಹೆಚ್ಚಬಹುದು. ಹೊರಗೆ ಮಾತ್ರ ಏನೂ ಕಾಣದು. ನ್ಯಾಯಾಧೀಶರ ಮಾತು ಅರ್ಥವಾಗದೆ ಹುಡುಗ ಸುಮ್ನೆ ನಿಂತರೆ ಅದನ್ನು ಸೊಕ್ಕು ಎಂದುಕೊಳ್ಳುತ್ತೇವೆ. ಜಾಮೀನಿನ ಷರತ್ತು ಮರೆತರೆ ಮತ್ತೆ ಒಳಗೆ. ಇದು ಅನ್ಯಾಯ ಅಲ್ವಾ?

ಪೆಟ್ಟಾದವರೆಲ್ಲ ತಪ್ಪು ಮಾಡುವುದಿಲ್ಲ, ನಿಜ. ಆದರೆ ಗಾಯ ಗೊತ್ತಾದರೆ ಚಿಕ್ಕ ವಾಕ್ಯಗಳಲ್ಲಿ ಹೇಳಬಹುದು, ಬರೆದು ಕೊಡಬಹುದು, ಚಿಕಿತ್ಸೆ ಕೊಡಿಸಬಹುದು.

ಇಂಥ ಗಾಯ ಪತ್ತೆಹಚ್ಚಲು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯ ರೂಪಿಸಿದ ಪ್ರಶ್ನಾವಳಿಗೆ ಕೆಲವೇ ನಿಮಿಷ ಸಾಕು. ಸ್ಕ್ಯಾನಿಂಗ್ ಯಂತ್ರವೂ ಬೇಡ. ಬಾಲನ್ಯಾಯ ವ್ಯವಸ್ಥೆಗೆ ಬರುವ ಪ್ರತಿ ಮಗುವಿಗೂ ಮೊದಲ ವಾರದಲ್ಲೇ ಇಂಥ ಪ್ರಶ್ನೆ ಕೇಳಬೇಕು. ಅನುಮಾನ ಬಂದರೆ ತಜ್ಞ ವೈದ್ಯರ ಹತ್ತಿರ ಕಳಿಸಬೇಕು. ಶಿಕ್ಷೆ ತೀರ್ಮಾನವಾಗುವ ಮೊದಲೇ ಆ ವರದಿ ನ್ಯಾಯಾಧೀಶರ ಕೈಯಲ್ಲಿರಬೇಕು.

– ಒಬ್ಬ ಓದುಗ